ಸಮುದ್ರದ ನಡುವಿನ ಹಳೇ ಎಣ್ಣೆ ಪ್ಲಾಟ್‌ಫಾರ್ಮ್: ಕೀಳಬೇಕಾ, ಬಿಡಬೇಕಾ, ಯಾರ ಲೆಕ್ಕ?

ಸಮುದ್ರದಲ್ಲಿ ಎಣ್ಣೆ ಸಿಕ್ಕಿತು ಅಂದರೆ ಪೇಪರಿನಲ್ಲಿ ದೊಡ್ಡ ಸುದ್ದಿ. ಮೂವತ್ತು ನಲವತ್ತು ವರ್ಷ ಕಳೆದು ಅದೇ ಬಾವಿ ಬತ್ತಿ, ಪ್ಲಾಟ್‌ಫಾರ್ಮ್ ತುಕ್ಕು ಹಿಡಿದು ನಿಂತಾಗ ಆ ಕಡೆ ತಿರುಗಿ ನೋಡುವವರೂ ಇರುವುದಿಲ್ಲ. ನಾನು ಇವತ್ತು ಮಾತಾಡುವುದು ಆ ಎರಡನೇ ಕತೆಯ ಬಗ್ಗೆ. ಹೀಗೆ ಕೆಲಸ ಮುಗಿದ ಪ್ಲಾಟ್‌ಫಾರ್ಮನ್ನು ವಿಲೇವಾರಿ ಮಾಡುವುದಕ್ಕೆ ಡಿಕಮಿಷನಿಂಗ್ ಅನ್ನುತ್ತಾರೆ. ಇಷ್ಟು ದೊಡ್ಡ ಉಕ್ಕನ್ನು ಹೇಗೆ ಕತ್ತರಿಸುತ್ತಾರೆ, ಯಾವ ಹಡಗು ಎತ್ತುತ್ತದೆ ಅನ್ನುವುದೆಲ್ಲ ನೋಡಲು ಮಜವಾಗಿದೆ, ಯೂಟ್ಯೂಬಿನಲ್ಲಿ ವಿಡಿಯೋಗಳೂ ಇವೆ. ನನಗೆ ಜಾಸ್ತಿ ಕುತೂಹಲ ಇರುವುದು ಅದಕ್ಕೂ ಮೊದಲಿನ ಹಂತದಲ್ಲಿ. ಪೂರ್ತಿ ಕೀಳಬೇಕಾ, ಅರ್ಧ ಕೀಳಬೇಕಾ, ಅಲ್ಲೇ ಬಿಡಬೇಕಾ? ಇದನ್ನು ತೀರ್ಮಾನಿಸಲು ಒಳ್ಳೊಳ್ಳೆ ಲೆಕ್ಕದ ವಿಧಾನಗಳಿವೆ. ಆದರೆ ಲೆಕ್ಕ ಶುರುವಾಗುವ ಮೊದಲೇ ಅರ್ಧ ಉತ್ತರ ತೀರ್ಮಾನವಾಗಿರುತ್ತದೆ ಅನ್ನುವುದು ನನ್ನ ವಾದ. ಹೇಗೆ ಅಂತ ಹೇಳುತ್ತೇನೆ.

ಮೊದಲು ಅಲ್ಲಿ ಏನೇನಿರುತ್ತದೆ ನೋಡೋಣ. ನೀರಿನ ಮೇಲೆ ಕಾಣುವ ಭಾಗ ಟಾಪ್‌ಸೈಡ್: ಯಂತ್ರಗಳು, ಜನ ಮಲಗುವ ಕೋಣೆಗಳು, ಹೆಲಿಕಾಪ್ಟರ್ ಇಳಿಯುವ ಜಾಗ. ಅದನ್ನು ಹೊತ್ತಿರುವುದು ಜಾಕೆಟ್ ಅನ್ನುವ ಉಕ್ಕಿನ ಚೌಕಟ್ಟು, ಕೆಲವು ಕಡೆ ಕಾಂಕ್ರೀಟ್ ಕಾಲುಗಳು. ತಳದಲ್ಲಿ ಪೈಪ್‌ಲೈನ್‌ಗಳು, ಬಾವಿ ಕೊರೆದಾಗ ಬಂದ ಕಲ್ಲುಪುಡಿಯ ಗುಡ್ಡೆ, ಮತ್ತೆ ಬಾವಿಗಳು. ಬಾವಿಯ ವಿಷಯದಲ್ಲಿ ಚರ್ಚೆಯೇ ಇಲ್ಲ, ಸಿಮೆಂಟ್ ಹಾಕಿ ಭದ್ರವಾಗಿ ಮುಚ್ಚಲೇಬೇಕು. ಬ್ರಿಟನ್, ನಾರ್ವೆ ನಡುವಿನ ಉತ್ತರ ಸಮುದ್ರದಲ್ಲಿ ಟಾಪ್‌ಸೈಡನ್ನು ದಡಕ್ಕೆ ತರಲೇಬೇಕು, ಅದರಲ್ಲೂ ಆಯ್ಕೆ ಇಲ್ಲ. ಜಗಳವೆಲ್ಲ ನೀರಿನ ಕೆಳಗಿರುವುದರ ಬಗ್ಗೆ.

ಕಾನೂನು ಬೇಗ ಮುಗಿಸಿಬಿಡುತ್ತೇನೆ. 1958ರ ಜಿನೀವಾ ಒಪ್ಪಂದ ಪೂರ್ತಿ ತೆಗೆಯಿರಿ ಅಂದಿತು. 1982ರ ಸಮುದ್ರ ಕಾನೂನು ಒಪ್ಪಂದ ಸ್ವಲ್ಪ ಸಡಿಲ ಮಾಡಿತು. 1989ರಲ್ಲಿ ಅಂತಾರಾಷ್ಟ್ರೀಯ ಸಾಗರ ಸಂಸ್ಥೆ ಅಳತೆ ಹಾಕಿತು: 75 ಮೀಟರಿಗಿಂತ ಕಡಿಮೆ ಆಳದಲ್ಲಿದ್ದು, ಡೆಕ್ ಬಿಟ್ಟು 4,000 ಟನ್ನಿಗಿಂತ ಕಡಿಮೆ ತೂಗಿದರೆ ಪೂರ್ತಿ ತೆಗೆಯಬೇಕು. 1998ರ ಜನವರಿ 1ರ ನಂತರ ಕಟ್ಟಿದ್ದಾದರೆ ಗಡಿ 100 ಮೀಟರ್. ಅರ್ಧ ಕತ್ತರಿಸಿ ಬಿಡುವುದಾದರೆ ಮೇಲೆ 55 ಮೀಟರ್ ನೀರು ಖಾಲಿ ಇರಬೇಕು, ಹಡಗುಗಳು ಓಡಾಡಲು. ಈ 75 ಮತ್ತು 55 ನೆನಪಿಟ್ಟುಕೊಳ್ಳಿ, ಮುಂಬೈಗೆ ಬಂದಾಗ ಬೇಕಾಗುತ್ತದೆ.

ಈಗ ಬ್ರೆಂಟ್ ಸ್ಪಾರ್. ಈ ಕ್ಷೇತ್ರದಲ್ಲಿ ಯಾರನ್ನು ಕೇಳಿದರೂ ಮಾತು ಶುರುವಾಗುವುದು ಇಲ್ಲಿಂದಲೇ. ಶೆಟ್‌ಲೆಂಡ್ ದ್ವೀಪಗಳ ಈಶಾನ್ಯಕ್ಕೆ, ಬ್ರೆಂಟ್ ಎಣ್ಣೆ ಕ್ಷೇತ್ರದಲ್ಲಿ 1976ರಿಂದ ತೇಲುತ್ತಿದ್ದ ದೈತ್ಯ ತೊಟ್ಟಿ ಇದು. ನೆಟ್ಟಗೆ ನಿಂತ ಕೊಳವೆಯ ಆಕಾರ, ಎತ್ತರ 147 ಮೀಟರ್, ಅದರಲ್ಲಿ ಹೆಚ್ಚಿನದು ನೀರಿನೊಳಗೆ. 3 ಲಕ್ಷ ಬ್ಯಾರೆಲ್ ಎಣ್ಣೆ ಹಿಡಿಯುತ್ತಿತ್ತು. ಪೈಪ್‌ಲೈನ್ ಬಂದ ಮೇಲೆ ಇದರ ಅಗತ್ಯ ಕಡಿಮೆಯಾಗಿ 1991ರಲ್ಲಿ ಬಳಕೆ ನಿಂತಿತು. ಶೆಲ್ ಕಂಪನಿ ಹಲವು ಆಯ್ಕೆಗಳನ್ನು ಅಧ್ಯಯನ ಮಾಡಿ ಕೊನೆಗೆ ಎರಡನ್ನು ಉಳಿಸಿಕೊಂಡಿತು: ಅಡ್ಡ ಮಲಗಿಸಿ ದಡಕ್ಕೆ ತಂದು ಒಡೆಯುವುದು, ಇಲ್ಲವೇ ಅಟ್ಲಾಂಟಿಕ್ಕಿನ ಆಳದಲ್ಲಿ ಮುಳುಗಿಸುವುದು. ಅಡ್ಡ ಮಲಗಿಸುವಾಗ ಮುರಿದು ಹೋಗಬಹುದು ಅನ್ನುವ ಭಯವಿತ್ತು, ಅದು ಸುಳ್ಳು ಭಯವೂ ಅಲ್ಲ, ಯಾಕಂದರೆ ಅದರ ತೊಟ್ಟಿಗಳಿಗೆ 1977ರಲ್ಲೇ ಪೆಟ್ಟು ಬಿದ್ದಿತ್ತು. ಕಾರ್ಮಿಕರಿಗೆ ಅಪಾಯ ಜಾಸ್ತಿ, ಖರ್ಚೂ ಜಾಸ್ತಿ. ಮುಳುಗಿಸುವುದೇ ವಾಸಿ ಅಂತ ಲೆಕ್ಕ ಬಂತು, ಬ್ರಿಟನ್ ಸರ್ಕಾರವೂ ಒಪ್ಪಿತು.

1995ರ ಏಪ್ರಿಲ್ 30ರಂದು ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಯವರು ಅದರ ಮೇಲೆ ಹತ್ತಿ ಕೂತರು. ಆಮೇಲೆ ಆದದ್ದು ಯಾವ ಅಧ್ಯಯನದಲ್ಲೂ ಇರಲಿಲ್ಲ. ಜರ್ಮನಿಯಲ್ಲಿ ಜನ ಶೆಲ್ ಬಂಕುಗಳಿಗೆ ಹೋಗುವುದು ಬಿಟ್ಟರು, ಕೆಲವು ಬಂಕುಗಳ ಮೇಲೆ ದಾಳಿಯೂ ಆಯಿತು. ಜೂನ್ ತಿಂಗಳ ಜಿ7 ಸಭೆಯಲ್ಲಿ ಜರ್ಮನಿಯ ಚಾನ್ಸೆಲರ್ ಹೆಲ್ಮುಟ್ ಕೋಲ್ ಬ್ರಿಟನ್ ಪ್ರಧಾನಿ ಜಾನ್ ಮೇಜರ್ ಹತ್ತಿರ ಈ ವಿಷಯ ಎತ್ತಿದರು. ಮೇಜರ್ ಕೊನೆಯವರೆಗೂ ಕಂಪನಿಯ ಪರವಾಗಿಯೇ ನಿಂತರು. ಅಷ್ಟರಲ್ಲಿ ಜೂನ್ 20ಕ್ಕೆ ಕಂಪನಿಯೇ ಕೈಬಿಟ್ಟಿತು! ಸ್ಪಾರನ್ನು ನಾರ್ವೆಯ ಒಂದು ಕೊಲ್ಲಿಗೆ ಎಳೆದುಕೊಂಡು ಹೋಗಿ ನಿಲ್ಲಿಸಿದರು. ಕಡೆಗೆ 1999ರಲ್ಲಿ ಅದನ್ನು ಉಂಗುರಗಳಾಗಿ ಕತ್ತರಿಸಿ, ಸ್ಟಾವಾಂಗರ್ ಹತ್ತಿರದ ಮೆಕ್ಯಾರ್ವಿಕ್ ಎಂಬಲ್ಲಿ ಹಡಗು ಕಟ್ಟೆಯ ಬುನಾದಿಗೆ ಬಳಸಿದರು. ಮುಳುಗಿಸುವ ಅಂದಾಜಿಗೆ ಹೋಲಿಸಿದರೆ ಖರ್ಚು ಹಲವು ಪಟ್ಟು ಏರಿತ್ತು.

ಈ ಕತೆಯನ್ನು ಎರಡು ಥರ ಹೇಳುತ್ತಾರೆ. ದುಷ್ಟ ಕಂಪನಿಗೆ ಜನ ಪಾಠ ಕಲಿಸಿದರು ಅನ್ನುವುದು ಒಂದು. ವಿಜ್ಞಾನ ಸರಿಯಿತ್ತು, ಜನ ಭಾವುಕರಾಗಿ ಕೆಡಿಸಿದರು ಅನ್ನುವುದು ಇನ್ನೊಂದು. ಎಂಜಿನಿಯರುಗಳಿಗೆ ಎರಡನೆಯದು ಬಹಳ ಇಷ್ಟ, ಅದಕ್ಕೆ ಆಧಾರವೂ ಇದೆ: ಒಳಗೆ 5,500 ಟನ್ ಎಣ್ಣೆ ಇದೆ ಅಂತ ಗ್ರೀನ್‌ಪೀಸ್ ಹೇಳಿದ್ದು ತಪ್ಪು ಅಂತ ಆಮೇಲೆ ಗೊತ್ತಾಯಿತು, 1995ರ ಸೆಪ್ಟೆಂಬರಿನಲ್ಲಿ ಅವರೇ ಕ್ಷಮೆ ಕೇಳಿದರು. ನನಗೆ ಎರಡೂ ಒಪ್ಪಿಗೆಯಿಲ್ಲ. ಎಣ್ಣೆ ಎಷ್ಟು ಟನ್ ಅನ್ನುವುದೇ ಪ್ರಶ್ನೆ ಆಗಿರಲಿಲ್ಲ. ಬೇಡದ್ದನ್ನು ಸಮುದ್ರಕ್ಕೆ ಎಸೆಯಬಹುದಾ ಅನ್ನುವುದು ಜನರ ಪ್ರಶ್ನೆ. ಕಂಪನಿ ಉತ್ತರ ಕೊಟ್ಟಿದ್ದು ಬೇರೆ ಪ್ರಶ್ನೆಗೆ, ಎಸೆದರೆ ಎಷ್ಟು ಹಾನಿ ಅಂತ. ಆ ಲೆಕ್ಕದ ಹಾಳೆಯಲ್ಲಿ ಜರ್ಮನಿಯ ಗ್ರಾಹಕನಿಗೆ ಕಾಲಂ ಇರಲಿಲ್ಲ. ಅವನು ಬೇರೆ ದಾರಿಯಲ್ಲಿ ಒಳಗೆ ಬಂದ.

ಇದರ ಬಿಸಿಯಲ್ಲೇ 1998ರಲ್ಲಿ ಪೋರ್ಚುಗಲ್ಲಿನ ಸಿಂಟ್ರಾದಲ್ಲಿ ಈಶಾನ್ಯ ಅಟ್ಲಾಂಟಿಕ್ ದೇಶಗಳು ಸೇರಿ ಒಂದು ತೀರ್ಮಾನ ಮಾಡಿದವು. ಓಸ್ಪಾರ್ 98/3 ಅಂತ ಅದರ ಹೆಸರು, ಓಸ್ಪಾರ್ ಅಂದರೆ ಈ ದೇಶಗಳ ಸಮುದ್ರ ರಕ್ಷಣೆಯ ಒಪ್ಪಂದ. ಸಮುದ್ರಕ್ಕೆ ಎಸೆಯುವಂತಿಲ್ಲ, ಬಿಟ್ಟು ಹೋಗುವಂತೆಯೂ ಇಲ್ಲ. ಆದರೆ ಕಿಂಡಿಯೊಂದು ಉಳಿಯಿತು. 1999ರ ಫೆಬ್ರವರಿ 9ಕ್ಕೆ ಮೊದಲು ನಿಲ್ಲಿಸಿದ, 10,000 ಟನ್ನಿಗಿಂತ ಭಾರದ ಉಕ್ಕಿನ ಜಾಕೆಟ್ಟುಗಳ ತಳಭಾಗ ಮತ್ತು ಕಾಂಕ್ರೀಟ್ ಬುನಾದಿಗಳಿಗೆ ವಿನಾಯಿತಿ ಕೇಳಬಹುದು. ಬಿಡುವುದೇ ಉತ್ತಮ ಅಂತ ತೋರಿಸಿಕೊಡುವ ಹೊಣೆ ಕೇಳುವವರದ್ದು. ಹಾಗೆ ತೋರಿಸುವ ವಿಧಾನವೇ ತುಲನಾತ್ಮಕ ಮೌಲ್ಯಮಾಪನ, ಅವರ ಬಾಯಲ್ಲಿ ಕಂಪ್ಯಾರೆಟಿವ್ ಅಸೆಸ್‌ಮೆಂಟ್. ಬ್ರಿಟನ್ನಿನಲ್ಲಿ ಪೈಪ್‌ಲೈನ್‌ಗಳಿಗೂ ಇದೇ ಲೆಕ್ಕ.

ವಿಧಾನ ಸರಳ. ಆಯ್ಕೆಗಳನ್ನು ಪಟ್ಟಿ ಮಾಡಿ. ಪ್ರತಿಯೊಂದನ್ನೂ ಐದು ಕಡೆಯಿಂದ ನೋಡಿ: ಸುರಕ್ಷತೆ, ಪರಿಸರ, ತಾಂತ್ರಿಕ ಸಾಧ್ಯತೆ, ಸಮಾಜ, ಖರ್ಚು. ಅಂಕ ಕೊಡಿ. ಯಾವುದಕ್ಕೆ ಎಷ್ಟು ತೂಕ ಅಂತ ನಿಗದಿ ಮಾಡಿ. ಗುಣಿಸಿ, ಕೂಡಿ.

ಒಂದು ಉದಾಹರಣೆ ಮಾಡೋಣ. ಅಂಕಿಗಳು ಸುಮ್ನೆ ನಾನೇ ಹಾಕಿಕೊಂಡವು, ಯಾವ ನಿಜವಾದ ಯೋಜನೆಯದ್ದೂ ಅಲ್ಲ. ತಳದಲ್ಲಿ ಒಂದು ಹಳೇ ಪೈಪ್‌ಲೈನ್ ಇದೆ. ಕೀಳುವುದು ಒಂದು ಆಯ್ಕೆ, ಮೇಲೆ ಕಲ್ಲು ಸುರಿದು ಬಿಡುವುದು ಇನ್ನೊಂದು. ಹತ್ತಕ್ಕೆ ಅಂಕ. ಸುರಕ್ಷತೆಯಲ್ಲಿ ಕೀಳುವುದಕ್ಕೆ 4, ಬಿಡುವುದಕ್ಕೆ 8, ಯಾಕಂದರೆ ಕೀಳಲು ಡೈವರುಗಳು ಇಳಿಯಬೇಕು, ಕ್ರೇನ್ ಆಡಬೇಕು. ಪರಿಸರದಲ್ಲಿ ಎರಡಕ್ಕೂ 6. ತಾಂತ್ರಿಕವಾಗಿ 5 ಮತ್ತು 9. ಸಮಾಜದ ಕಾಲಮ್ಮಿನಲ್ಲಿ ಕೀಳುವುದಕ್ಕೆ 9, ಬಿಡುವುದಕ್ಕೆ 4, ಮೀನುಗಾರರಿಗೆ ತಳ ಖಾಲಿ ಬೇಕಲ್ವಾ. ಖರ್ಚಿನಲ್ಲಿ 2 ಮತ್ತು 9. ಐದಕ್ಕೂ ಸಮವಾಗಿ 20ರಂತೆ ತೂಕ ಕೊಟ್ಟರೆ ಕೀಳುವುದಕ್ಕೆ 5.2, ಬಿಡುವುದಕ್ಕೆ 7.2. ಬಿಡಿ ಅಂತ ವರದಿ ಬರೆಯಬಹುದು. ಈಗ ಸಮಾಜಕ್ಕೆ 60 ಕೊಟ್ಟು ಉಳಿದವಕ್ಕೆ ಹತ್ತತ್ತು ಕೊಡಿ. ಕೀಳುವುದು 7.1, ಬಿಡುವುದು 5.6. ಉಲ್ಟಾ! ಅಂಕ ಒಂದೂ ಬದಲಾಗಿಲ್ಲ.

ಹಾಗಾದರೆ ಇದೆಲ್ಲ ಬರೀ ಕಣ್ಕಟ್ಟಾ ಅಂತ ನೀವು ಕೇಳಬಹುದು. ಅಲ್ಲ. ಇದನ್ನು ಬಳಸುವ ಒಳ್ಳೆ ದಾರಿ ಬೇರೆ ಇದೆ. ತೂಕ ಎಷ್ಟು ಅಂತ ಜಗಳ ಆಡುವ ಬದಲು, ಯಾವ ತೂಕದಲ್ಲಿ ಉತ್ತರ ಮಗುಚುತ್ತದೆ ಅಂತ ಹುಡುಕಿ. ಈ ಉದಾಹರಣೆಯಲ್ಲಿ ಉಳಿದ ನಾಲ್ಕಕ್ಕೆ ಸಮನಾಗಿ ಹಂಚಿದರೆ, ಸಮಾಜದ ತೂಕ ಸುಮಾರು 43 ದಾಟಿದಾಗ ಮಗುಚುತ್ತದೆ. ಈಗ ಪ್ರಶ್ನೆ ಚಿಕ್ಕದಾಯಿತು: ಸಮಾಜಕ್ಕೆ ನೂರರಲ್ಲಿ 43 ಕೊಡುವವರು ಈ ಸಭೆಯಲ್ಲಿ ಇದ್ದಾರಾ, ಅವರ ವಾದ ಏನು? ಇದನ್ನು ಮನುಷ್ಯರು ಕೂತು ಚರ್ಚಿಸಬಹುದು. ಬರೀ 7.2 ಅನ್ನುವ ಸಂಖ್ಯೆ ಎದುರಿಗಿಟ್ಟರೆ ಚರ್ಚೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ಈ ವಿಧಾನದಲ್ಲಿ ಕೆಲವು ಗುಂಡಿಗಳಿವೆ. ನನಗೆ ತುಂಬಾ ಮುಖ್ಯ ಅನಿಸುವುದು ಒಂದೇ ವಿಷಯವನ್ನು ಮೂರು ಸಲ ಎಣಿಸುವುದು. ನೋಡಿ, ಕೀಳಬೇಕಾದರೆ ದೊಡ್ಡ ಹಡಗುಗಳು ಹೆಚ್ಚು ದಿನ ಸಮುದ್ರದಲ್ಲಿ ಇರಬೇಕು. ಹೆಚ್ಚು ದಿನ ಅಂದರೆ ಖರ್ಚು ಹೆಚ್ಚು. ಹೆಚ್ಚು ದಿನ ಅಂದರೆ ಹೆಚ್ಚು ಡೀಸೆಲ್, ಪರಿಸರದ ಕಾಲಮ್ಮಿನಲ್ಲಿ ಕಾರ್ಬನ್ ಏರುತ್ತದೆ. ಹೆಚ್ಚು ದಿನ ಅಂದರೆ ಕಾರ್ಮಿಕರು ಅಪಾಯದಲ್ಲಿ ಕಳೆಯುವ ಗಂಟೆಗಳೂ ಹೆಚ್ಚು, ಅಂದರೆ ಸುರಕ್ಷತೆಯ ಅಂಕ ಇಳಿಯುತ್ತದೆ. ಮೂರು ಬೇರೆ ಬೇರೆ ಮಾನದಂಡ ಅಂತ ಕಾಣುತ್ತದೆ, ಹಿಂದೆ ಇರುವುದು ಒಂದೇ ಅಂಕಿ: ಹಡಗಿನ ದಿನಗಳು. ಹಾಳೆಯಲ್ಲಿ ಸಮತೋಲನ ಇದ್ದಂತೆ ಕಂಡರೂ ಕೀಳುವ ಆಯ್ಕೆಗೆ ಒಂದೇ ತಪ್ಪಿಗೆ ಮೂರು ದಂಡ. ಯಾರೂ ಬೇಕಂತ ಮಾಡುವುದಲ್ಲ ಇದು, ಟೇಬಲ್ಲೇ ಹಾಗೆ ಹುಟ್ಟಿರುತ್ತದೆ.

ಇನ್ನೊಂದು, ಅಂತರದ ವಿಷಯ. ಎರಡು ಆಯ್ಕೆಗಳ ಸುರಕ್ಷತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದರೂ ಸೊನ್ನೆಯಿಂದ ಹತ್ತರ ಅಳತೆಗೆ ಎಳೆದಾಗ ಒಂದಕ್ಕೆ 0, ಒಂದಕ್ಕೆ 10 ಬಂದುಬಿಡುತ್ತದೆ. ಖರ್ಚಿನಲ್ಲಿ ಸಾವಿರಾರು ಕೋಟಿ ವ್ಯತ್ಯಾಸ ಇದ್ದರೂ ಅದೂ 0 ಮತ್ತು 10. ಹಾಗಾಗಿ ನಿಮಗೆ ಸುರಕ್ಷತೆ ಮುಖ್ಯವಾ ಖರ್ಚು ಮುಖ್ಯವಾ ಅಂತ ಕೇಳಿ ತೂಕ ಹಂಚಿದರೆ ಅರ್ಥವಿಲ್ಲ. ಈ ಅಂತರ ಮುಖ್ಯವಾ ಆ ಅಂತರ ಮುಖ್ಯವಾ ಅಂತ ಕೇಳಬೇಕು. ಇದಕ್ಕೆ ಸ್ವಿಂಗ್ ವೇಟಿಂಗ್ ಅನ್ನುತ್ತಾರೆ.

ಕೂಡಿಸುವುದರಲ್ಲೂ ತೊಂದರೆ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ 95 ಬಂದು ಇಂಗ್ಲಿಷಿನಲ್ಲಿ 12 ಬಂದರೆ ಒಟ್ಟು ಎಷ್ಟೇ ಆಗಲಿ, ಫೇಲ್ ಅಂದರೆ ಫೇಲ್. ತೂಕ ಹಾಕಿ ಕೂಡುವ ಪದ್ಧತಿಯಲ್ಲಿ ಹಾಗಿಲ್ಲ. ಖರ್ಚು ಉಳಿಸಿದ ಅಂಕ ಪರಿಸರ ಹಾಳಾದ ಅಂಕವನ್ನು ಪಾಸು ಮಾಡಿಸುತ್ತದೆ. ಇದು ಬೇಡ ಅನ್ನುವವರಿಗೆ ಎಲೆಕ್ಟ್ರೆ ಥರದ ವಿಧಾನಗಳಿವೆ, ಅದರಲ್ಲಿ ಒಂದು ಮಾನದಂಡದಲ್ಲಿ ತೀರಾ ಕೆಳಗೆ ಬಿದ್ದ ಆಯ್ಕೆಗೆ ವೀಟೋ ಬೀಳುತ್ತದೆ. ಎಣ್ಣೆ ಕಂಪನಿಗಳು ಕೂಡುವ ಪದ್ಧತಿಯನ್ನೇ ಇಷ್ಟಪಟ್ಟರೆ ನನಗೇನೂ ಆಶ್ಚರ್ಯವಾಗುವುದಿಲ್ಲ.

ಸುರಕ್ಷತೆ ಅಂದೆ, ಯಾರ ಸುರಕ್ಷತೆ? ಕೀಳುವ ಕಾರ್ಮಿಕರದ್ದನ್ನು ಲೆಕ್ಕ ಹಾಕುವುದು ಸುಲಭ, ಇಂತಿಷ್ಟು ಗಂಟೆ ಕೆಲಸಕ್ಕೆ ಇಂತಿಷ್ಟು ಜೀವಹಾನಿಯ ಸಂಭವ ಅಂತ ದತ್ತಾಂಶ ಇದೆ. ಆದರೆ 1997ರ ಮಾರ್ಚಿನಲ್ಲಿ ಸ್ಕಾಟ್ಲೆಂಡಿನ ವೆಸ್ಟ್‌ಹೇವನ್ ಅನ್ನುವ ಮೀನುಗಾರಿಕೆ ದೋಣಿಯ ಬಲೆಯ ಸಲಕರಣೆ ತಳದ ಪೈಪ್‌ಲೈನಿಗೆ ಸಿಕ್ಕಿಕೊಂಡು ದೋಣಿ ಮುಳುಗಿತು. ಅದರಲ್ಲಿದ್ದ ನಾಲ್ವರೂ ಸತ್ತರು. ಬಿಟ್ಟು ಹೋದ ಉಕ್ಕಿನ ಅಪಾಯ ಹೀಗಿರುತ್ತದೆ. ಕಾರ್ಮಿಕರ ಅಪಾಯ ಒಂದೆರಡು ಬೇಸಿಗೆಯಲ್ಲಿ ಮುಗಿಯುತ್ತದೆ. ಮೀನುಗಾರರದ್ದು ವರ್ಷ ವರ್ಷವೂ ಸ್ವಲ್ಪ ಸ್ವಲ್ಪ, ಎಷ್ಟು ವರ್ಷ ಅಂತ ಕೊನೆಯಿಲ್ಲ. ನೂರು ವರ್ಷಕ್ಕೆ ಲೆಕ್ಕ ಹಾಕುತ್ತೀರಾ, ಇನ್ನೂರಕ್ಕಾ? ಆ ಒಂದು ಆಯ್ಕೆಯೇ ಅಂಕವನ್ನು ಮೇಲೆ ಕೆಳಗೆ ಮಾಡುತ್ತದೆ.

ಈ ಕಾಲದ ಪ್ರಶ್ನೆ ಎದ್ದು ಕಾಣುವುದು ಮತ್ತೆ ಬ್ರೆಂಟಿನಲ್ಲೇ, ಈ ಸಲ ಸ್ಪಾರ್ ಅಲ್ಲ, ದೊಡ್ಡ ಪ್ಲಾಟ್‌ಫಾರ್ಮ್‌ಗಳು. ನಾಲ್ಕಿದ್ದವು, ಆಲ್ಫಾ ಉಕ್ಕಿನದು, ಬ್ರಾವೋ, ಚಾರ್ಲಿ, ಡೆಲ್ಟಾ ಕಾಂಕ್ರೀಟ್ ಕಾಲಿನವು. ಸುಮಾರು 140 ಮೀಟರ್ ನೀರಿನಲ್ಲಿ ನಿಂತ ಈ ಕಾಂಕ್ರೀಟ್ ಬುನಾದಿಗಳು ಒಂದೊಂದೂ 3 ಲಕ್ಷ ಟನ್ ಆಸುಪಾಸು. 2017ರ ಏಪ್ರಿಲಿನಲ್ಲಿ ಪಯನೀರಿಂಗ್ ಸ್ಪಿರಿಟ್ ಎಂಬ ಹಡಗು ಡೆಲ್ಟಾದ 24,000 ಟನ್ ಟಾಪ್‌ಸೈಡನ್ನು ಒಂದೇ ಸಲಕ್ಕೆ ಎತ್ತಿಕೊಂಡು ಹೋಯಿತು. ಅದೊಂದು ನೋಡುವಂಥ ದೃಶ್ಯ, ಬಿಡಿ. ಕಾಲುಗಳನ್ನು ಅಲ್ಲೇ ಬಿಡುತ್ತೇವೆ ಅಂತ ಶೆಲ್ ವಿನಾಯಿತಿ ಕೇಳಿತು. ಈ ಸಲ ಕಂಪನಿ ಹತ್ತಕ್ಕೂ ಹೆಚ್ಚು ವರ್ಷ ಅಧ್ಯಯನ ಮಾಡಿತ್ತು, ಹೊರಗಿನ ವಿಜ್ಞಾನಿಗಳ ತಂಡದಿಂದ ಪರಿಶೀಲನೆ ಮಾಡಿಸಿತ್ತು, ಮೀನುಗಾರರನ್ನು, ಪರಿಸರ ಸಂಘಟನೆಗಳನ್ನು ಕರೆದು ಮಾತಾಡಿಸಿತ್ತು. ಸ್ಪಾರಿನ ಪಾಠ ಕಲಿತಿದ್ದರು ಅನ್ನಲೇಬೇಕು.

ಆದರೂ ಜಗಳ ತಪ್ಪಲಿಲ್ಲ. ಬುನಾದಿಯ ಒಳಗೆ ತೊಟ್ಟಿಗಳಂಥ ಕೋಶಗಳಿವೆ, ಹಲವದರ ತಳದಲ್ಲಿ ಎಣ್ಣೆ ಬೆರೆತ ಕೆಸರು ಇದೆ. ಕಾಂಕ್ರೀಟ್ ನೂರಾರು ವರ್ಷ ನಿಂತು ಆಮೇಲೆ ಒಂದು ದಿನ ಕುಸಿಯುತ್ತದೆ. 2019ರಲ್ಲಿ ಜರ್ಮನಿ ಸರ್ಕಾರ ಆಕ್ಷೇಪ ಎತ್ತಿತು, ಓಸ್ಪಾರ್ ದೇಶಗಳ ವಿಶೇಷ ಸಭೆ ಸೇರಿತು, ಗ್ರೀನ್‌ಪೀಸಿನವರು ಮತ್ತೆ ಪ್ಲಾಟ್‌ಫಾರ್ಮ್ ಹತ್ತಿದರು. ಈಗ ಹಾನಿ ಎಷ್ಟು ಅನ್ನುವುದರಲ್ಲಿ ಎರಡೂ ಕಡೆಯವರಿಗೆ ತೀರಾ ದೊಡ್ಡ ಭಿನ್ನಾಭಿಪ್ರಾಯ ಇಲ್ಲ ಅನಿಸುತ್ತದೆ ನನಗೆ. ಇನ್ನೂ ಹುಟ್ಟದವರ ತಲೆಗೆ ಇದನ್ನು ಕಟ್ಟಬಹುದಾ ಅನ್ನುವುದರಲ್ಲಿ ಇದೆ. ಐದು ಕಾಲಮ್ಮಿನಲ್ಲಿ ಅದು ಯಾವುದಕ್ಕೆ ಸೇರುತ್ತದೆ, ಪರಿಸರಕ್ಕಾ, ಸಮಾಜಕ್ಕಾ?

ಅಮೆರಿಕಕ್ಕೆ ಹೋದರೆ ಇದೇ ಥರದ ಉಕ್ಕಿಗೆ ಬೇರೆ ಉತ್ತರ. ಮೆಕ್ಸಿಕೋ ಕೊಲ್ಲಿಯಲ್ಲಿ 500ಕ್ಕೂ ಹೆಚ್ಚು ಹಳೇ ಪ್ಲಾಟ್‌ಫಾರ್ಮ್‌ಗಳನ್ನು ಮೀನುಗಳಿಗೆ ಕೃತಕ ಬಂಡೆಗಳನ್ನಾಗಿ ಬಿಟ್ಟಿದ್ದಾರೆ. ರಿಗ್ಸ್ ಟು ರೀಫ್ಸ್ ಅನ್ನುತ್ತಾರೆ. 1984ರಲ್ಲಿ ಇದಕ್ಕೆ ಕಾನೂನು ಬಂತು. ಕಂಪನಿ ಉಳಿಸಿದ ಹಣದಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ರಾಜ್ಯಕ್ಕೆ ಕೊಡುತ್ತದೆ. ಅಲ್ಲಿ ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸದವರು ಬಹಳ, ಅವರಿಗೆ ಪ್ಲಾಟ್‌ಫಾರ್ಮ್ ಅಂದರೆ ಮೀನು ಸಿಗುವ ಜಾಗ. ಯುರೋಪಿನಲ್ಲಿ ತಳ ಕೆರೆಯುವ ಬಲೆಯವರು, ಅವರಿಗೆ ಅದು ಬಲೆ ಹರಿಯುವ ಜಾಗ. ಸಮಾಜ ಅನ್ನುವ ಕಾಲಮ್ಮಿನಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ಅಂಕವೇ ತಿರುಗಿಬಿಡುತ್ತದೆ ನೋಡಿ.

ಕ್ಯಾಲಿಫೋರ್ನಿಯಾ ಇವೆರಡರ ಮಧ್ಯೆ ಸಿಕ್ಕಿಕೊಂಡಿದೆ. 1996ರಲ್ಲಿ ಹೇಜಲ್, ಹಿಲ್ಡಾ, ಹೋಪ್, ಹೈಡಿ ಎಂಬ ನಾಲ್ಕು ಪ್ಲಾಟ್‌ಫಾರ್ಮ್‌ಗಳನ್ನು ಪೂರ್ತಿ ಕಿತ್ತರು, ತಳದಲ್ಲಿ ಚಿಪ್ಪಿನ ಗುಡ್ಡೆಗಳು ಮಾತ್ರ ಉಳಿದು ಅವುಗಳ ಬಗ್ಗೆ ಬೇರೆ ರಗಳೆ ಶುರುವಾಯಿತು. 2010ರಲ್ಲಿ ಕಾನೂನು ಮಾಡಿ, ಪರಿಸರಕ್ಕೆ ಒಟ್ಟಾರೆ ಲಾಭ ಇದೆ ಅಂತ ತೋರಿಸಿದರೆ ಅರ್ಧ ಕತ್ತರಿಸಿ ಬಿಡಬಹುದು ಅಂದರು. ಅಲ್ಲಿನ ತಜ್ಞರು ಯಾರು ಬೇಕಾದರೂ ತಮ್ಮ ತೂಕ ಹಾಕಿ ನೋಡಬಹುದಾದ ಒಂದು ಕಂಪ್ಯೂಟರ್ ಮಾದರಿಯನ್ನೂ ಮಾಡಿದರು. ನನಗೆ ಇದು ತುಂಬಾ ಹಿಡಿಸಿತು. ಬೇರೆ ಬೇರೆ ಜನ ಬೇರೆ ಬೇರೆ ತೂಕ ಹಾಕಿದಾಗಲೂ ಉತ್ತರ ಒಂದೇ ಬಂದರೆ ಜಗಳ ಬೇಕಾಗಿಲ್ಲ. ಬೇರೆ ಬಂದರೆ ಎಲ್ಲಿ ಜಗಳ ಅಂತಾದರೂ ಗೊತ್ತಾಗುತ್ತದೆ.

ಹಣದ ಬಗ್ಗೆ ಎರಡು ಮಾತು. ಖರ್ಚು ಕಂಪನಿಯದ್ದು, ನಮಗೇನು ಅನ್ನಬೇಡಿ. ಬ್ರಿಟನ್ನಿನಲ್ಲಿ ಈ ಖರ್ಚಿಗೆ ತೆರಿಗೆ ವಿನಾಯಿತಿ ಇದೆ, ಅದರಿಂದ ಸರ್ಕಾರಕ್ಕೆ ಸುಮಾರು 24 ಬಿಲಿಯನ್ ಪೌಂಡ್ ಹೊರೆ ಬೀಳಬಹುದು ಅಂತ 2019ರಲ್ಲಿ ಅಲ್ಲಿನ ಲೆಕ್ಕ ತಪಾಸಣಾ ಸಂಸ್ಥೆಯ ವರದಿ ಹೇಳಿತು. ಆಸ್ಟ್ರೇಲಿಯಾದಲ್ಲಿ ನಾರ್ದರ್ನ್ ಎಂಡೆವರ್ ಎಂಬ ಎಣ್ಣೆ ಹಡಗನ್ನು ದೊಡ್ಡ ಕಂಪನಿಯಿಂದ ಚಿಕ್ಕ ಕಂಪನಿ ಕೊಂಡಿತು, ಚಿಕ್ಕದು ದಿವಾಳಿಯಾಯಿತು, ಹಡಗು ಸರ್ಕಾರದ ಕೊರಳಿಗೆ ಬಿತ್ತು. ಸರ್ಕಾರ ಆಮೇಲೆ ಇಡೀ ಉದ್ಯಮದ ಮೇಲೆ ತೆರಿಗೆ ಹಾಕಿ ವಸೂಲಿಗೆ ನಿಂತಿತು.

ಇನ್ನು ನಮ್ಮ ಕಡೆ. ಮುಂಬೈ ಆಚೆಗಿನ ಕಡಲಿನ ಎಣ್ಣೆ ಕ್ಷೇತ್ರ ಮುಂಬೈ ಹೈನಲ್ಲಿ ಎಣ್ಣೆ ಸಿಕ್ಕಿದ್ದು 1974ರಲ್ಲಿ, ಉತ್ಪಾದನೆ ಶುರುವಾದದ್ದು 1976ರಲ್ಲಿ. ಅಂದರೆ ಬ್ರೆಂಟಿನ ವಾರಿಗೆಯದ್ದು. ಅಲ್ಲಿನ ಎಣ್ಣೆ ಮಂಗಳೂರಿನ ಎಂಆರ್‌ಪಿಎಲ್‌ಗೂ ಬಂದು ಶುದ್ಧವಾಗಿದೆ, ನಮ್ಮ ಗಾಡಿಗಳಲ್ಲಿ ಉರಿದಿದೆ. 1999ರಿಂದ ಕಂಪನಿಗಳು ಕೊನೆಯ ಖರ್ಚಿಗೆ ಹಣ ಎತ್ತಿಡುವ ಯೋಜನೆಯೊಂದು ಇದೆ. ಗುಜರಾತ್ ಆಚೆಗಿನ ತಾಪ್ತಿ ಅನಿಲ ಕ್ಷೇತ್ರದಲ್ಲಿ ಐದು ಚಿಕ್ಕ ಪ್ಲಾಟ್‌ಫಾರ್ಮ್‌ಗಳನ್ನು ಈಚೆಗೆ ಕಿತ್ತು ದಡಕ್ಕೆ ತಂದರು. ಸಮುದ್ರದಲ್ಲಿ ದೇಶದ ಮೊದಲ ಡಿಕಮಿಷನಿಂಗ್ ಅದು. ದೊಡ್ಡ ಕೆಲಸ ಇನ್ನೂ ಮುಂದಿದೆ.

ಆಗ ಹೇಳಿದ 75 ಈಗ ನೋಡಿ. ಮುಂಬೈ ಹೈನ ಆಳ ಸುಮಾರು 75 ಮೀಟರ್ ಆಸುಪಾಸೇ, ಸರಿಯಾಗಿ ಗೆರೆಯ ಮೇಲೆ. ಕೆಲವು ಜಾಕೆಟ್‌ಗಳಿಗೆ ಪೂರ್ತಿ ತೆಗೆಯುವ ನಿಯಮ ತಾಗುತ್ತದೆ, ಕೆಲವಕ್ಕೆ ವಾದ ಮಾಡಬಹುದು. ಅರ್ಧ ಕತ್ತರಿಸಿದರೆ ಮೇಲೆ 55 ಮೀಟರ್ ಖಾಲಿ ಬಿಟ್ಟು ತಳದಲ್ಲಿ 20 ಮೀಟರ್ ಮೋಟು ಉಳಿಯುತ್ತದೆ. ಈಗ ಪ್ಲಾಟ್‌ಫಾರ್ಮ್ ಸುತ್ತ 500 ಮೀಟರ್ ಒಳಗೆ ಮೀನುಗಾರರು ಹೋಗುವಂತಿಲ್ಲ. ಕಿತ್ತರೆ ಆ ಜಾಗ ಮತ್ತೆ ತೆರೆಯುತ್ತದೆ, ಮೋಟು ಬಿಟ್ಟರೆ ಮೀನು ಸೇರಬಹುದು, ಬಲೆಯೂ ಸಿಕ್ಕಿಕೊಳ್ಳಬಹುದು. ಮುಂಬೈನ ಕೋಲಿ ಮೀನುಗಾರ ಸಮುದಾಯದವರಿಗೆ ಇದು ನೇರ ಸಂಬಂಧ. ಮಲ್ಪೆಯ ಆಳಸಮುದ್ರ ಬೋಟುಗಳೂ ಮಹಾರಾಷ್ಟ್ರದ ಕಡಲಿನವರೆಗೆ ಹೋಗುತ್ತವೆ, ಹಾಗಾಗಿ ಅಲ್ಲಿನ ತಳದಲ್ಲಿ ಏನು ಉಳಿಯುತ್ತದೆ ಅನ್ನುವುದು ಅವರಿಗೂ ಬೇಕಾದ ವಿಷಯ. ಸಮಾಜ ಅನ್ನುವ ಕಾಲಂ ತುಂಬುವಾಗ ಇವರ ಸಂಘಗಳನ್ನು ಕರೆಯಬೇಕು. ಕರೆಯುವುದಾದರೆ ಆಯ್ಕೆಗಳ ಪಟ್ಟಿ ಮಾಡುವ ದಿನವೇ ಕರೆಯಬೇಕು. ಅಂಕ, ತೂಕ ಎಲ್ಲ ಹಾಕಿ ಮುಗಿಸಿ, ವರದಿ ಬೈಂಡ್ ಮಾಡಿಸಿದ ಮೇಲೆ ಕರೆದರೆ ಅವರು ಚಹಾ ಕುಡಿದು, ಸಹಿ ಹಾಕಿ ವಾಪಸ್ ಬರಬಹುದು ಅಷ್ಟೆ.